ನಷ್ಟಕ್ಕೆ ವಿಳಾಸವಿರಬೇಕು: ಕಾರ್ಮಿಕರ ಪಿಂಚಣಿ ಮತ್ತು ವೈಯಕ್ತಿಕ ನಿವೃತ್ತಿ ಖಾತೆ



2024ರ ಸೆಪ್ಟೆಂಬರ್ 13ರಂದು ಅಮೆರಿಕದ ವಾಷಿಂಗ್ಟನ್ ಮತ್ತು ಒರೆಗಾನ್ ರಾಜ್ಯಗಳ ಬೋಯಿಂಗ್ ವಿಮಾನ ಕಾರ್ಖಾನೆಗಳಲ್ಲಿ ಸುಮಾರು 33,000 ಕಾರ್ಮಿಕರು ಕೆಲಸ ನಿಲ್ಲಿಸಿದರು. ನಾಲ್ಕು ವರ್ಷಗಳಲ್ಲಿ ಶೇ. 25ರಷ್ಟು ಸಂಬಳ ಏರಿಸುವ ಒಪ್ಪಂದ ಅವರ ಮುಂದಿತ್ತು. ಸಂಘದ ಮುಖಂಡರೇ ಅದನ್ನು ಒಪ್ಪಿಕೊಳ್ಳಿರೆಂದು ಶಿಫಾರಸು ಮಾಡಿದ್ದರು. ಸದಸ್ಯರಲ್ಲಿ ಶೇ. 94ಕ್ಕೂ ಹೆಚ್ಚು ಮಂದಿ ಒಲ್ಲೆವೆಂದರು. ಅಕ್ಟೋಬರ್ ಕೊನೆಯ ಹೊತ್ತಿಗೆ ಕಂಪನಿ ಶೇ. 35ಕ್ಕೆ ಬಂತು, ಶೇ. 64 ಮಂದಿ ಮತ್ತೆ ಒಲ್ಲೆವೆಂದರು. ಅಷ್ಟರಲ್ಲಿ ಅವರ ಸಂಬಳ ನಿಂತು ಐದಾರು ವಾರಗಳಾಗಿದ್ದವು, ಕಂಪನಿಯ ಆರೋಗ್ಯ ವಿಮೆಯೂ ನಿಂತಿತ್ತು. ನವೆಂಬರ್ 4ರಂದು ಶೇ. 38ರ ಏರಿಕೆಗೆ ಶೇ. 59 ಮಂದಿ ಸಮ್ಮತಿಸಿದ ಮೇಲೆ ಮುಷ್ಕರ ಮುಗಿಯಿತು.

ಸಂಬಳ ಹೆಚ್ಚಿಸುತ್ತೇವೆಂದರೂ ಈ ಜನ ಮತ್ತೆ ಮತ್ತೆ ಬೇಡವೆಂದದ್ದೇಕೆ? ಅವರು ಕೇಳುತ್ತಿದ್ದುದರಲ್ಲಿ ಮುಖ್ಯವಾದ ಒಂದು ಸಂಗತಿ ಸಂಬಳದ ಚೀಟಿಯಲ್ಲಿ ಕಾಣುವಂಥದ್ದಾಗಿರಲಿಲ್ಲ. 2014ರ ಜನವರಿಯಲ್ಲಿ ಇದೇ ಸಂಘದ ಸದಸ್ಯರು ತಮ್ಮ ಪಿಂಚಣಿಯನ್ನು ಬಿಟ್ಟುಕೊಟ್ಟಿದ್ದರು. ಹೊಸ ಮಾದರಿಯ 777ಎಕ್ಸ್ ವಿಮಾನವನ್ನು ಬೇರೆ ರಾಜ್ಯಕ್ಕೆ ಒಯ್ಯುವುದಾಗಿ ಕಂಪನಿ ಹೆದರಿಸಿತ್ತು. ಅದಕ್ಕೆ ಎರಡು ತಿಂಗಳ ಹಿಂದಷ್ಟೇ ಸದಸ್ಯರು ಆ ಪ್ರಸ್ತಾವವನ್ನು ಮೂರನೇ ಎರಡರಷ್ಟು ಮತಗಳಿಂದ ತಳ್ಳಿಹಾಕಿದ್ದರು. ಸ್ಥಳೀಯ ಮುಖಂಡರ ವಿರೋಧವನ್ನು ಲೆಕ್ಕಿಸದೆ ರಾಷ್ಟ್ರೀಯ ಮುಖಂಡತ್ವ ಎರಡನೇ ಮತದಾನಕ್ಕೆ ಆಜ್ಞಾಪಿಸಿದಾಗ ಅದು ಶೇ. 51ರ ಅಲ್ಪ ಅಂತರದಲ್ಲಿ ಅಂಗೀಕಾರವಾಯಿತು. 2016ರಿಂದಾಚೆಗೆ ಪಿಂಚಣಿಯ ಲೆಕ್ಕ ಬೆಳೆಯುವುದು ನಿಂತು ಎಲ್ಲರೂ ವೈಯಕ್ತಿಕ ಖಾತೆಗೆ ಬಂದರು. ಹತ್ತು ವರ್ಷಗಳ ನಂತರದ ಮುಷ್ಕರದಲ್ಲಿ ಪಿಂಚಣಿ ಮರಳಿ ಬೇಕೆಂದು ಫಲಕ ಹಿಡಿದು ನಿಂತವರಲ್ಲಿ, 2014ರ ನಂತರ ಕೆಲಸಕ್ಕೆ ಸೇರಿ ಆ ಪಿಂಚಣಿಯನ್ನು ಎಂದೂ ಕಾಣದವರೂ ಇದ್ದರು. ಕಂಪನಿ ಸಂಬಳದಲ್ಲಿ ಬಗ್ಗಿತು, ಖಾತೆಗೆ ಹಾಕುವ ಹಣವನ್ನೂ ಹೆಚ್ಚಿಸಿತು. ಪಿಂಚಣಿಯ ವಿಷಯದಲ್ಲಿ ಮಾತ್ರ ಒಂದಿಂಚೂ ಅಲುಗಲಿಲ್ಲ. ಹಿಂದಿನ ವರ್ಷ ಡೆಟ್ರಾಯಿಟ್‌ನ ಮೂರು ಮೋಟಾರು ಕಂಪನಿಗಳ ಎದುರು ಮುಷ್ಕರ ಹೂಡಿದ ಯುಎಡಬ್ಲ್ಯು ಸಂಘದ ಅನುಭವವೂ ಇದೇ. ಖಾತೆಗೆ ಸಂಬಳದ ಶೇ. 10ರಷ್ಟನ್ನು ಹಾಕಲು ಕಂಪನಿಗಳು ಒಪ್ಪಿದವು, ಹೊಸಬರಿಗೆ ಪಿಂಚಣಿ ಕೊಡಲು ಒಪ್ಪಲಿಲ್ಲ.

ಹಣವನ್ನು ಧಾರಾಳವಾಗಿ ಕೊಡುತ್ತೇವೆ, ಪಿಂಚಣಿಯನ್ನು ಮಾತ್ರ ಕೇಳಬೇಡಿ ಎಂದು ಬಂಡವಾಳ ಹಟ ಹಿಡಿದರೆ ಆ ಎರಡರ ನಡುವಿನ ವ್ಯತ್ಯಾಸ ಬರಿಯ ಹಣದ್ದಲ್ಲವೆಂದೇ ತಿಳಿಯಬೇಕು.

ಅಮೆರಿಕದಲ್ಲಿ ದುಡಿಯುವ ಕನ್ನಡಿಗರಲ್ಲಿ 401(ಕೆ) ಎಂಬ ಹೆಸರನ್ನು ಅರಿಯದವರು ವಿರಳ. ತೆರಿಗೆ ಕಾನೂನಿನ ಒಂದು ಉಪವಿಧಿಯ ಸಂಖ್ಯೆ ಅದು. ನೌಕರನ ಸಂಬಳದಿಂದ ಒಂದಿಷ್ಟು, ಕಂಪನಿಯಿಂದ ಒಂದಿಷ್ಟು ಸೇರಿ ಅವನ ಹೆಸರಿನ ಖಾತೆಗೆ ಜಮೆಯಾಗುತ್ತದೆ. ಅದನ್ನು ಷೇರಿನಲ್ಲಿಡಬೇಕೋ ಸಾಲಪತ್ರದಲ್ಲಿಡಬೇಕೋ ಅವನೇ ನಿರ್ಧರಿಸಬೇಕು. ಐಆರ್‌ಎ ಎಂಬುದು ಇದರದೇ ಒಡಹುಟ್ಟು. ಅಲ್ಲಿ ಕಂಪನಿಯ ಹಂಗೂ ಇಲ್ಲ, ವ್ಯಕ್ತಿ ನೇರವಾಗಿ ತೆರೆಯುವ ಖಾತೆ ಅದು. ಪಿಂಚಣಿಯ ಕ್ರಮ ಬೇರೆ. ಇಷ್ಟು ವರ್ಷ ದುಡಿದವರಿಗೆ ತಿಂಗಳಿಗೆ ಇಷ್ಟು, ಉಸಿರಿರುವ ತನಕ ಎಂದು ಮೊದಲೇ ಬರೆದುಕೊಟ್ಟ ಮಾತು ಅದು. ಷೇರುಪೇಟೆ ಬಿದ್ದರೆ ಬಿದ್ದದ್ದನ್ನು ತುಂಬಿಕೊಡುವ ಹೊಣೆ ನಿಧಿಯದು, ಅದರ ಹಿಂದಿರುವ ಮಾಲೀಕರದು. 401(ಕೆ)ಯಲ್ಲಿ ಮಾಲೀಕನ ಹೊಣೆ ಸಂಬಳದ ದಿನವೇ ಮುಗಿಯುತ್ತದೆ.

ಒಂದು ಸರಳ ಲೆಕ್ಕವನ್ನು ನೋಡಬಹುದು. 65 ತುಂಬಿದ ಅಮೆರಿಕನ್ನರು ಸರಾಸರಿಯಲ್ಲಿ ಇನ್ನೂ ಹತ್ತಿರಹತ್ತಿರ 20 ವರ್ಷ ಬದುಕುತ್ತಾರೆ. ಸಾವಿರ ಮಂದಿಯ ನಿಧಿಯೊಂದು ಈ 20 ವರ್ಷದ ಲೆಕ್ಕದ ಮೇಲೆ ಹಣ ಕೂಡಿಟ್ಟರೆ ಸಾಕು. ಬೇಗ ತೀರಿಕೊಂಡವರ ಪಾಲು ತೊಂಬತ್ತೈದರವರೆಗೆ ಬದುಕಿದವರಿಗೆ ಸಲ್ಲುತ್ತದೆ. ಒಬ್ಬನೇ ಖಾತೆ ಹಿಡಿದು ಕುಳಿತವನಿಗೆ ಆ ಸರಾಸರಿಯಿಂದ ಪ್ರಯೋಜನವಿಲ್ಲ. ತಾನು ಎಪ್ಪತ್ತಕ್ಕೆ ಹೋಗುವವನೋ ತೊಂಬತ್ತೈದಕ್ಕೋ ಅವನಿಗೆ ತಿಳಿಯದು. ಆದ್ದರಿಂದ ಅವನು 30 ವರ್ಷಕ್ಕೆ ಕೂಡಿಡಬೇಕು, ಇಲ್ಲವೇ ಪ್ರತಿ ವರ್ಷ ತನ್ನ ಆಯುಸ್ಸಿನೊಡನೆ ಜೂಜಾಡಬೇಕು. ಅದೇ ಮುಪ್ಪಿಗೆ ಅದೇ ಬಗೆಯ ನಿಶ್ಚಿಂತೆಯನ್ನು ಕೊಳ್ಳಲು ಒಂಟಿಯಾದವನು ಹೆಚ್ಚು ತೆರಬೇಕಾಗುತ್ತದೆ. ಇದಕ್ಕೆ ಶುಲ್ಕದ ಬಾಬತ್ತನ್ನೂ ಸೇರಿಸಿ. ವರ್ಷಕ್ಕೆ 5,000 ಡಾಲರಿನಂತೆ 40 ವರ್ಷ ಹಾಕುತ್ತ ಹೋದರೆ, ಶೇ. 7ರ ಬೆಳವಣಿಗೆಯಲ್ಲಿ ಅದು ಹತ್ತು ಲಕ್ಷ ಡಾಲರಿನ ಹತ್ತಿರ ಬರುತ್ತದೆ. ಖಾತೆ ನೋಡಿಕೊಳ್ಳುವ ಸಂಸ್ಥೆ ವರ್ಷಕ್ಕೆ ಶೇ. 1ರಷ್ಟು ಶುಲ್ಕ ಮುರಿದುಕೊಂಡರೆ ಕೈಗೆ ಬರುವುದು 7 ಲಕ್ಷ 74 ಸಾವಿರದಷ್ಟು. ಶೇ. 1 ಎಂದು ಕೇಳಿದಾಗ ಇಲಿಯಂತೆ ಕಾಣುವುದು ನಲವತ್ತು ವರ್ಷಗಳಲ್ಲಿ ಕಣಜದ ಐದನೇ ಒಂದು ಪಾಲಿಗಿಂತ ಹೆಚ್ಚನ್ನು ತಿಂದಿರುತ್ತದೆ.

ಆದರೆ ಲೆಕ್ಕಕ್ಕಿಂತ ಹೆಚ್ಚಿನ ಗಮನಕ್ಕೆ ಅರ್ಹವಾದುದು ಚರಿತ್ರೆ. ಸಂಘಗಳ ಪಿಂಚಣಿ ಮಾಲೀಕರ ಔದಾರ್ಯದಿಂದ ಹುಟ್ಟಿದ್ದಲ್ಲ. 1946ರಲ್ಲಿ ಕಲ್ಲಿದ್ದಲು ಗಣಿಗಳ ಮುಷ್ಕರ ಅಮೆರಿಕವನ್ನು ನಡುಗಿಸಿದಾಗ ಅಧ್ಯಕ್ಷ ಟ್ರೂಮನ್ ಗಣಿಗಳನ್ನು ಸರ್ಕಾರದ ವಶಕ್ಕೆ ತೆಗೆದುಕೊಂಡರು. ಗಣಿ ಕಾರ್ಮಿಕ ಸಂಘದ ಜಾನ್ ಎಲ್. ಲೂಯಿಸ್ ಆಂತರಿಕ ವ್ಯವಹಾರಗಳ ಕಾರ್ಯದರ್ಶಿ ಕ್ರಗ್ ಅವರೊಡನೆ ಮಾಡಿಕೊಂಡ ಒಪ್ಪಂದದಲ್ಲಿ ಒಂದು ಸಣ್ಣ ಅಂಶವಿತ್ತು: ಅಗೆದು ತೆಗೆದ ಪ್ರತಿ ಟನ್ ಕಲ್ಲಿದ್ದಲಿಗೆ 5 ಸೆಂಟ್ ಕಾರ್ಮಿಕರ ಕ್ಷೇಮ ಮತ್ತು ನಿವೃತ್ತಿ ನಿಧಿಗೆ ಸಲ್ಲಬೇಕು. ಎರಡು ವರ್ಷಗಳಲ್ಲಿ ಮುದಿ ಗಣಿಗಾರರಿಗೆ ತಿಂಗಳಿಗೆ 100 ಡಾಲರ್ ಬರತೊಡಗಿತು. ಮುಂದೆ ಅದೇ ನಿಧಿ ಅಪಲೇಚಿಯದ ಬೆಟ್ಟಸೀಮೆಯಲ್ಲಿ ಹತ್ತು ಆಸ್ಪತ್ರೆಗಳನ್ನು ಕಟ್ಟಿತು. ಯಾವ ಗಣಿಯ ಕಲ್ಲಿದ್ದಲು, ಯಾವ ಮಾಲೀಕ ಎಂಬ ಭೇದವಿರಲಿಲ್ಲ. ಒಬ್ಬ ಮಾಲೀಕನನ್ನು ಬಿಟ್ಟು ಇನ್ನೊಬ್ಬನಲ್ಲಿಗೆ ಹೋದರೂ ಸಂಘದ ಗಣಿಯಲ್ಲಿದ್ದಷ್ಟು ಕಾಲ ಕಾರ್ಮಿಕನ ಲೆಕ್ಕ ಮುಂದುವರಿಯುತ್ತಿತ್ತು.

ಪಿಂಚಣಿ ಎಂಬುದು ಮಾಲೀಕನ ಬಕ್ಷೀಸೋ ಅಥವಾ ತಡವಾಗಿ ಕೈಸೇರುವ ಕೂಲಿಯೋ ಎಂಬ ಪ್ರಶ್ನೆ ನ್ಯಾಯಾಲಯಕ್ಕೂ ಹೋಯಿತು. 1948ರ ಇನ್‌ಲ್ಯಾಂಡ್ ಸ್ಟೀಲ್ ಪ್ರಕರಣದಲ್ಲಿ, ಸಂಬಳದ ಬಗ್ಗೆ ಹೇಗೋ ಹಾಗೆಯೇ ಪಿಂಚಣಿಯ ಬಗ್ಗೆಯೂ ಮಾಲೀಕ ಸಂಘದೊಡನೆ ಮಾತುಕತೆಗೆ ಕೂಡಲೇಬೇಕೆಂದು ತೀರ್ಪಾಯಿತು. ಮರುವರ್ಷ ಫೋರ್ಡ್ ಕಂಪನಿ ಯುಎಡಬ್ಲ್ಯುಗೆ ಪಿಂಚಣಿಯನ್ನು ಒಪ್ಪಿತು. 1950ರಲ್ಲಿ ಕ್ರೈಸ್ಲರ್ ಕಾರ್ಮಿಕರು 104 ದಿನ ಮುಷ್ಕರ ಹೂಡಿದ ಕಾರಣ ಇವತ್ತಿಗೂ ಪಾಠದಂತಿದೆ. 100 ಡಾಲರ್ ಪಿಂಚಣಿ ಕೊಡಲು ಕಂಪನಿ ತಯಾರಿತ್ತು, ಅದಕ್ಕಾಗಿ ಹಣವನ್ನು ಬೇರೆಯಾಗಿ ತೆಗೆದಿಡಲು ಮಾತ್ರ ತಯಾರಿರಲಿಲ್ಲ. ಮಾತು ಬೇಡ, ನಿಧಿ ಬೇಕು ಎಂದು ಕಾರ್ಮಿಕರು ನೂರು ದಿನ ಸಂಬಳವಿಲ್ಲದೆ ಬೀದಿಯಲ್ಲಿ ನಿಂತರು, ಗೆದ್ದರು.

ಅವರ ಅನುಮಾನ ಸುಳ್ಳಾಗಿರಲಿಲ್ಲ. 1963ರ ಡಿಸೆಂಬರಿನಲ್ಲಿ ಸ್ಟೂಡ್‌ಬೇಕರ್ ಮೋಟಾರು ಕಂಪನಿ ಇಂಡಿಯಾನಾದ ಸೌತ್ ಬೆಂಡ್‌ನಲ್ಲಿದ್ದ ಕಾರ್ಖಾನೆಯನ್ನು ಮುಚ್ಚಿತು. ಪಿಂಚಣಿ ನಿಧಿಯಲ್ಲಿ ಸಾಕಷ್ಟು ಹಣವಿರಲಿಲ್ಲ. ಆಗಲೇ ನಿವೃತ್ತರಾದವರಿಗೆ, ಅರವತ್ತು ದಾಟಿದವರಿಗೆ ಪೂರ್ತಿ ಸಿಕ್ಕಿತು. ನಲವತ್ತರಿಂದ ಅರವತ್ತರ ನಡುವಿನ ಸುಮಾರು 4,000 ಮಂದಿಗೆ ತಮಗೆ ಬರಬೇಕಾದ ಪ್ರತಿ ಡಾಲರಿಗೆ ಸುಮಾರು 15 ಸೆಂಟ್ ಸಿಕ್ಕಿತು. ಉಳಿದವರಿಗೆ ಏನೂ ಸಿಗಲಿಲ್ಲ. ಇಪ್ಪತ್ತು ವರ್ಷ ಒಂದೇ ಸಾಲಿನಲ್ಲಿ ನಿಂತು ಕಾರು ಜೋಡಿಸಿದವನ ಮುಪ್ಪು ಅವನ ಹುಟ್ಟಿದ ತಾರೀಖಿನ ಮೇಲೆ ತೀರ್ಮಾನವಾಯಿತು.

ಪಿಂಚಣಿಯ ವಿರೋಧಿಗಳು ಸ್ಟೂಡ್‌ಬೇಕರ್ ಕಥೆಯನ್ನು ಇಲ್ಲಿಗೆ ನಿಲ್ಲಿಸುತ್ತಾರೆ. ಆದರೆ ಕಥೆ ಮುಂದುವರಿಯಿತು. ಮೋಸಹೋದವರು ಸಾವಿರಾರು ಮಂದಿ, ಒಂದೇ ಊರಿನವರು, ಒಂದೇ ಸಂಘದವರು. ಸಂಘ ಆ ನೋವನ್ನು ವಾಷಿಂಗ್ಟನ್‌ಗೆ ಒಯ್ದು ವರ್ಷಗಟ್ಟಲೆ ಬೆನ್ನು ಹತ್ತಿತು. 1974ರ ಕಾರ್ಮಿಕ ದಿನದಂದು ಅಧ್ಯಕ್ಷ ಫೋರ್ಡ್ ಸಹಿ ಹಾಕಿದ ಎರಿಸಾ ಕಾಯಿದೆ ಆ ಹೋರಾಟದ ಫಲಗಳಲ್ಲೊಂದು. ನಿಧಿಯಲ್ಲಿ ಹಣ ತೆಗೆದಿಡುವುದು ಕಡ್ಡಾಯವಾಯಿತು, ನಿರ್ದಿಷ್ಟ ವರ್ಷ ದುಡಿದವನ ಪಿಂಚಣಿಯ ಹಕ್ಕನ್ನು ಯಾರೂ ಕಸಿಯದಂತಾಯಿತು, ಮುಳುಗಿದ ನಿಧಿಗಳಿಗೆ ಆಸರೆಯಾಗಿ ಪಿಬಿಜಿಸಿ ಎಂಬ ಸರ್ಕಾರಿ ವಿಮಾ ನಿಗಮ ಹುಟ್ಟಿತು. ವಿಪರ್ಯಾಸವೆಂದರೆ ಐಆರ್‌ಎ ಖಾತೆ ಹುಟ್ಟಿದ್ದೂ ಇದೇ ಕಾಯಿದೆಯಲ್ಲಿ. ಕೆಲಸದ ಸ್ಥಳದಲ್ಲಿ ಪಿಂಚಣಿಯಿಲ್ಲದವರಿಗೆಂದು, ವರ್ಷಕ್ಕೆ 1,500 ಡಾಲರಿನ ಮಿತಿಯೊಂದಿಗೆ, ಮನೆಯ ಹಿಂಬದಿಯಲ್ಲಿ ತೆರೆದ ಒಂದು ಕಿಟಕಿ ಅದು. ಮುಂದೆ ಎಲ್ಲರೂ ಆ ಕಿಟಕಿಯಿಂದಲೇ ಓಡಾಡುವಂತಾಯಿತು.

401(ಕೆ)ಯ ಹುಟ್ಟು ಇನ್ನೂ ಆಕಸ್ಮಿಕ. 1978ರ ಕಂದಾಯ ಕಾಯಿದೆಯಲ್ಲಿ ಈ ಉಪವಿಧಿ ಸೇರಿದಾಗ ಕಂಪನಿಗಳ ಮೇಲಧಿಕಾರಿಗಳು ಬೋನಸ್ಸನ್ನು ಮುಂದೂಡಿ ಪಡೆಯುವ ಒಂದು ರೂಢಿಯಷ್ಟೇ ಶಾಸಕರ ಮನಸ್ಸಿನಲ್ಲಿತ್ತು. ಪೆನ್ಸಿಲ್ವೇನಿಯಾದ ಸಲಹೆಗಾರ ಟೆಡ್ ಬೆನ್ನಾ 1980ರ ಸುಮಾರಿಗೆ ಅದನ್ನು ಎಲ್ಲ ನೌಕರರಿಗೂ ಅನ್ವಯಿಸುವ ದಾರಿ ಕಂಡುಹಿಡಿದರು, 1981ರಲ್ಲಿ ತೆರಿಗೆ ಇಲಾಖೆ ಅದಕ್ಕೆ ಹಾದಿ ಬಿಟ್ಟಿತು. ತಾವು ಹುಟ್ಟುಹಾಕಿದ್ದು ಬೆಳೆದ ಬಗೆಯನ್ನು ಕಂಡು ಅವರೇ ಮುಂದೆ ಬಹಿರಂಗವಾಗಿ ಬೇಸರಪಟ್ಟರು. ಈ ಪಲ್ಲಟದ ಬಗ್ಗೆ ಸಂಸತ್ತಿನಲ್ಲಿ ಚರ್ಚೆಯಾಗಲಿಲ್ಲ, ಚುನಾವಣೆ ನಡೆಯಲಿಲ್ಲ. 1980ರ ಹೊತ್ತಿಗೆ ಖಾಸಗಿ ವಲಯದ ಮಧ್ಯಮ ಮತ್ತು ದೊಡ್ಡ ಸಂಸ್ಥೆಗಳ ಪೂರ್ಣಾವಧಿ ನೌಕರರಲ್ಲಿ ಐವರಲ್ಲಿ ನಾಲ್ವರಿಗೆ ಪಿಂಚಣಿಯಿತ್ತು. ಇಂದು ಖಾಸಗಿ ವಲಯದ ಒಟ್ಟು ನೌಕರರಲ್ಲಿ ಅದು ಲಭ್ಯವಿರುವುದು ಸುಮಾರು ಶೇ. 15 ಮಂದಿಗೆ. ರೇಗನ್ ಕಾಲದಲ್ಲಿ ಸಂಘಗಳು ಸೊರಗಿದ ದಾರಿಯೂ ಪಿಂಚಣಿ ಕರಗಿದ ದಾರಿಯೂ ಬಹುದೂರ ಒಂದೇ.

ಬಂದದ್ದೇನು? ವ್ಯಾನ್‌ಗಾರ್ಡ್ ಸಂಸ್ಥೆ ತಾನು ನಿರ್ವಹಿಸುವ ಖಾತೆಗಳ ಬಗ್ಗೆ ಪ್ರಕಟಿಸಿದ 2023ರ ಅಂಕಿಗಳ ಪ್ರಕಾರ ಖಾತೆಯ ಸರಾಸರಿ ಮೊತ್ತ 1,34,128 ಡಾಲರ್. ಆದರೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ನಟ್ಟನಡುವಿನವನನ್ನು ಕೇಳಿದರೆ ಅವನಲ್ಲಿರುವುದು 35,286 ಡಾಲರ್. ಈ ಎರಡು ಸಂಖ್ಯೆಗಳ ನಡುವಿನ ಕಂದಕವೇ ಈ ವ್ಯವಸ್ಥೆಯ ಜಾತಕ. ಫೆಡರಲ್ ರಿಸರ್ವ್‌ನ 2022ರ ಸಮೀಕ್ಷೆಯಂತೆ, ಅಮೆರಿಕದ ಕುಟುಂಬಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟಕ್ಕೆ ಯಾವ ನಿವೃತ್ತಿ ಖಾತೆಯೂ ಇಲ್ಲ.

ಎನ್‌ರಾನ್ ಕಂಪನಿ 2001ರಲ್ಲಿ ಕುಸಿದಾಗ ಅದರ ನೌಕರರ 401(ಕೆ) ಹಣದಲ್ಲಿ ಅರ್ಧಕ್ಕೂ ಹೆಚ್ಚು ಭಾಗ ಅದೇ ಕಂಪನಿಯ ಷೇರಿನಲ್ಲಿತ್ತು. ಕೆಲಸ, ಉಳಿತಾಯ ಎರಡೂ ಒಂದೇ ಬಾರಿಗೆ ಮುಳುಗಿದವು. 2008ರಲ್ಲಿ ಅಮೆರಿಕದ ಷೇರು ಸೂಚ್ಯಂಕ ಒಂದೇ ವರ್ಷದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಳಿಯಿತು. ಪೇಟೆ ಮುಂದೆ ಚೇತರಿಸಿಕೊಂಡಿತೆಂದು ಹೇಳುವವರು, ಆ ವರ್ಷವೇ ಕೆಲಸ ಕಳೆದುಕೊಂಡು ಬಿದ್ದ ಬೆಲೆಗೆ ಮಾರಿ ಉಣ್ಣಬೇಕಾದ 62ರ ಪ್ರಾಯದವರನ್ನು ಮರೆಯುತ್ತಾರೆ. ಅಂಥವರು ಎಲ್ಲಿ ದೂರು ಕೊಡಬೇಕು? ಯಾರ ಬಾಗಿಲಿಗೆ ಹೋಗಿ ನಿಲ್ಲಬೇಕು? ಲಕ್ಷಾಂತರ ಮಂದಿ ಒಂದೇ ವರ್ಷದಲ್ಲಿ ನಷ್ಟಕ್ಕೊಳಗಾದರೂ ಅದು ಲಕ್ಷಾಂತರ ಬಿಡಿ ದುರದೃಷ್ಟಗಳಾಗಿ ಉಳಿಯಿತು. ತಪ್ಪು ನಿಧಿಯನ್ನು ಆಯ್ದುಕೊಂಡೆ, ತಡವಾಗಿ ಶುರುಮಾಡಿದೆ ಎಂದು ಪ್ರತಿಯೊಬ್ಬರೂ ತಮ್ಮನ್ನೇ ಶಪಿಸಿಕೊಂಡರು. ಖಾತೆಯ ವ್ಯವಸ್ಥೆ ಮಾಡಿರುವ ಅತಿ ದೊಡ್ಡ ಅನ್ಯಾಯ ಇದು: ನಷ್ಟದ ವಿಳಾಸವನ್ನೇ ಅಳಿಸಿಹಾಕುವುದು.

ಇದರರ್ಥ ಸಂಘಗಳ ನಿಧಿಗಳೆಲ್ಲ ಪುಣ್ಯಕ್ಷೇತ್ರಗಳಾಗಿದ್ದವೆಂದಲ್ಲ. ಪ್ರಗತಿಪರರ ಸಭೆಗಳಲ್ಲಿ ಈ ಮಾತನ್ನು ನುಂಗಿಕೊಳ್ಳುವ ಅಭ್ಯಾಸವಿದೆ; ಅದರಿಂದ ನಷ್ಟವೇ ಹೆಚ್ಚು. ಲೂಯಿಸ್ ಕಟ್ಟಿದ ಗಣಿಗಾರರ ನಿಧಿಯ ಕೋಟ್ಯಂತರ ಡಾಲರ್, ಸಂಘವೇ ಒಡೆತನ ಹೊಂದಿದ್ದ ಬ್ಯಾಂಕಿನಲ್ಲಿ ಬಡ್ಡಿಯಿಲ್ಲದೆ ವರ್ಷಗಟ್ಟಲೆ ಬಿದ್ದಿತ್ತು. ಗಣಿಗಾರರೇ ಮೊಕದ್ದಮೆ ಹೂಡಿ, 1971ರಲ್ಲಿ ಫೆಡರಲ್ ನ್ಯಾಯಾಲಯ ಅದನ್ನು ವಿಶ್ವಾಸದ್ರೋಹವೆಂದು ಹೇಳಬೇಕಾಯಿತು. ಲಾರಿ ಚಾಲಕರ ಟೀಮ್‌ಸ್ಟರ್ಸ್ ಸಂಘದ ಸೆಂಟ್ರಲ್ ಸ್ಟೇಟ್ಸ್ ನಿಧಿಯದು ಇನ್ನೂ ಕುಖ್ಯಾತ ಕಥೆ. 1955ರಲ್ಲಿ ಜಿಮ್ಮಿ ಹಾಫಾ ಅದನ್ನು ಕಟ್ಟಿದರು. ಮಾಫಿಯಾದ ನಂಟಿನಿಂದ ಅದರ ಹಣ ಲಾಸ್ ವೇಗಾಸ್‌ನ ಜೂಜುಮನೆಗಳಿಗೆ ಸಾಲವಾಗಿ ಹೋಯಿತು. 1982ರಲ್ಲಿ ನ್ಯಾಯಾಲಯದ ನಿಗಾಕ್ಕೊಳಪಟ್ಟು, ಹೂಡಿಕೆಯ ಅಧಿಕಾರ ವಾಲ್ ಸ್ಟ್ರೀಟಿನ ಹೆಸರಾಂತ ಸಂಸ್ಥೆಗಳ ಕೈಗೆ ಹೋಯಿತು.

ಆದರೆ ಆ ನಿಧಿಯನ್ನು ಕೊನೆಗೆ ಮುಳುಗುವ ಅಂಚಿಗೆ ತಂದದ್ದು ಮಾಫಿಯಾ ಎಂದು ತಿಳಿದರೆ ತಪ್ಪಾದೀತು. 1980ರ ಮೋಟಾರು ಸಾಗಣೆ ಕಾಯಿದೆ ಲಾರಿ ಉದ್ಯಮದ ನಿಯಂತ್ರಣಗಳನ್ನು ಸಡಿಲಿಸಿದ ಮೇಲೆ ಸಂಘದ ಒಪ್ಪಂದವಿದ್ದ ಕಂಪನಿಗಳು ಸಾಲುಸಾಲಾಗಿ ಬಾಗಿಲು ಹಾಕಿದವು. ವಂತಿಗೆ ತುಂಬುವವರು ಕಡಿಮೆಯಾಗಿ ಪಿಂಚಣಿ ಪಡೆಯುವವರು ಹೆಚ್ಚಾದರು. 2007ರಲ್ಲಿ ಯುಪಿಎಸ್ ಕಂಪನಿ 610 ಕೋಟಿ ಡಾಲರ್ ತೆತ್ತು ನಿಧಿಯಿಂದ ಹೊರನಡೆಯಿತು; ಮರುವರ್ಷವೇ ಪೇಟೆ ಕುಸಿಯಿತು. ಹಲವು ಮಾಲೀಕರು ಸೇರಿ ನಡೆಸುವ ನಿಧಿ ಮುಳುಗಿದರೆ, 30 ವರ್ಷ ದುಡಿದವನಿಗೆ ಪಿಬಿಜಿಸಿ ಖಾತರಿ ಕೊಡುತ್ತಿದ್ದುದು ವರ್ಷಕ್ಕೆ ಹೆಚ್ಚೆಂದರೆ 12,870 ಡಾಲರ್. 2014ರ ಒಂದು ಕಾಯಿದೆ ಇಂಥ ನಿಧಿಗಳಿಗೆ ಈಗಾಗಲೇ ನಿವೃತ್ತರಾದವರ ಪಿಂಚಣಿಯನ್ನೇ ಕಡಿತಗೊಳಿಸಲು ಅನುಮತಿ ಕೊಟ್ಟಿತು. ಮರುವರ್ಷ ಸೆಂಟ್ರಲ್ ಸ್ಟೇಟ್ಸ್ ಕಡಿತದ ಅರ್ಜಿ ಹಾಕಿತು. ಕೆಲವರ ಪಾಲಿಗೆ ಅದು ಅರ್ಧಕ್ಕೂ ಹೆಚ್ಚಿನ ಕಡಿತ.

ಆಮೇಲೆ ನಡೆದುದನ್ನು ಗಮನಿಸಬೇಕು. ಎಪ್ಪತ್ತು ದಾಟಿದ ಲಾರಿ ಚಾಲಕರು, ವಿಧವೆಯರು ಊರೂರಲ್ಲಿ ಸಮಿತಿ ಕಟ್ಟಿದರು, ಬಸ್ಸು ಹತ್ತಿ ರಾಜಧಾನಿಗೆ ಹೋದರು. ಒಹಾಯೊದಲ್ಲಿ ಅವರನ್ನು ಸಂಘಟಿಸಿದ ನಿವೃತ್ತ ಟೀಮ್‌ಸ್ಟರ್ ಬುಚ್ ಲೂಯಿಸ್ 2015ರ ಕೊನೆಯ ದಿನ ಪಾರ್ಶ್ವವಾಯುವಿನಿಂದ ತೀರಿಕೊಂಡರು. 2016ರ ಮೇ ತಿಂಗಳಲ್ಲಿ ಖಜಾನೆ ಇಲಾಖೆ ಕಡಿತದ ಅರ್ಜಿಯನ್ನು ತಿರಸ್ಕರಿಸಿತು. ಅವರ ಹೆಸರಿನ ಮಸೂದೆ ಹಲವು ಬಾರಿ ಮಂಡನೆಯಾಗಿ, ಕೊನೆಗೆ ಅದರ ಸಾರ 2021ರ ಮಾರ್ಚ್‌ನ ಆರ್ಥಿಕ ಪರಿಹಾರ ಕಾಯಿದೆಯೊಳಗೆ ಸೇರಿತು. 2022ರ ಡಿಸೆಂಬರಿನಲ್ಲಿ ಆ ನಿಧಿಗೆ ಸುಮಾರು 3,580 ಕೋಟಿ ಡಾಲರ್ ಮಂಜೂರಾಗಿ, ಮೂರೂವರೆ ಲಕ್ಷ ಕಾರ್ಮಿಕರ ಮತ್ತು ನಿವೃತ್ತರ ಪಿಂಚಣಿ ಉಳಿಯಿತು. ತೆರಿಗೆದಾರರ ಹಣ ಪೋಲಾಯಿತೆಂದು ಬಲಪಂಥೀಯ ಪತ್ರಿಕೆಗಳು ಬರೆದವು. 401(ಕೆ) ಮತ್ತು ಅದರಂಥ ಖಾತೆಗಳಿಗೆ ಕೊಡುವ ತೆರಿಗೆ ರಿಯಾಯಿತಿಯಿಂದ ಖಜಾನೆಗೆ ತಪ್ಪುವ ವರಮಾನ ವರ್ಷವೊಂದಕ್ಕೇ 10,000 ಕೋಟಿ ಡಾಲರಿಗೂ ಮಿಕ್ಕಿದೆ. ಅದರ ಬಹುಪಾಲು ಹೋಗುವುದು ಅತಿ ಹೆಚ್ಚು ವರಮಾನದ ಐದನೇ ಒಂದು ಭಾಗದ ಕುಟುಂಬಗಳಿಗೆ. ಅದನ್ನು ಪೋಲೆಂದು ಯಾರೂ ಬರೆಯುವುದಿಲ್ಲ.

ಈ ಸಭೆಯಲ್ಲಿ ಕುಳಿತಿರುವವರಲ್ಲಿ ಅನೇಕರು ಆ ಐದನೇ ಒಂದು ಭಾಗದಲ್ಲಿರುವುದರಿಂದ ಒಂದು ಆಕ್ಷೇಪ ಏಳುವುದು ಸಹಜ. ವೀಸಾದ ಮೇಲೆ ಬಂದವರು, ಮೂರು ವರ್ಷಕ್ಕೊಮ್ಮೆ ಕಂಪನಿ ಬದಲಿಸುವವರು, ನಾಳೆ ಮೈಸೂರಿಗೋ ಧಾರವಾಡಕ್ಕೋ ಮರಳಬಹುದಾದವರು ಪಿಂಚಣಿಯಿಂದ ಪಡೆಯುವುದೇನು? ಐದು ವರ್ಷ ತುಂಬುವ ಮೊದಲೇ ಹೊರಟರೆ ಹಳೆಯ ಮಾದರಿಯ ಕಂಪನಿ ಪಿಂಚಣಿಯಲ್ಲಿ ಏನೂ ಸಿಗದೆ ಹೋಗಬಹುದು. ಖಾತೆಯಾದರೆ ಹೆಗಲ ಚೀಲದಂತೆ ಜೊತೆಗೆ ಬರುತ್ತದೆ. ಆಕ್ಷೇಪದಲ್ಲಿ ಹುರುಳಿದೆ. ಒಂದೇ ಮಾಲೀಕನಿಗೆ ಕಟ್ಟಿಹಾಕಿದ ಪಿಂಚಣಿ ನೌಕರನನ್ನು ಕಟ್ಟಿಹಾಕುವ ಹಗ್ಗವೂ ಹೌದು. ಆದರೆ ಗಣಿಗಾರರು, ಬಡಗಿಗಳು, ಲಾರಿ ಚಾಲಕರು, ಹಾಲಿವುಡ್ಡಿನ ನಟನಟಿಯರು ಈ ಸಮಸ್ಯೆಯನ್ನು ದಶಕಗಳ ಹಿಂದೆಯೇ ಬಿಡಿಸಿದ್ದರು. ಒಂದು ಉದ್ಯಮದ ಹಲವು ಮಾಲೀಕರು ಒಂದೇ ನಿಧಿಗೆ ವಂತಿಗೆ ತುಂಬುತ್ತಾರೆ. 1947ರ ಟ್ಯಾಫ್ಟ್-ಹಾರ್ಟ್ಲಿ ಕಾಯಿದೆಯಂತೆ ಅದರ ಆಡಳಿತದಲ್ಲಿ ಮಾಲೀಕರಿಗೂ ಕಾರ್ಮಿಕರಿಗೂ ಸಮಸಮ ಪಾಲು. ಆ ಕಾಯಿದೆ ಸಂಘಗಳ ಕೈಕಟ್ಟಲೆಂದೇ ಬಂದದ್ದು, ಆದರೂ ಈ ಒಂದು ಕಲಮು ಕಾರ್ಮಿಕರಿಗೆ ಒದಗಿಬಂತು. ಇಂಥ ನಿಧಿಯಲ್ಲಿ ಕಂಪನಿ ಬದಲಾದರೂ ಕಾರ್ಮಿಕನ ಲೆಕ್ಕ ಬದಲಾಗುವುದಿಲ್ಲ. ತಂತ್ರಾಂಶ ಉದ್ಯಮದಲ್ಲಿ ಅಂಥ ನಿಧಿಯಿಲ್ಲದಿರಲು ಕಾರಣ ಅಲ್ಲಿ ಸಂಘವಿಲ್ಲದಿರುವುದೇ.

ಆಸ್ಟ್ರೇಲಿಯಾದಲ್ಲಿರುವ ಓದುಗರು ಇನ್ನೊಂದು ಮಾದರಿಯನ್ನು ಬಲ್ಲರು. 1980ರ ದಶಕದಲ್ಲಿ ಸಂಘಗಳು ಸಂಬಳದ ಏರಿಕೆಯ ಒಂದು ಪಾಲನ್ನು ಬಿಟ್ಟುಕೊಟ್ಟು ಸೂಪರ್‌ಆನ್ಯುಯೇಶನ್ ಪಡೆದವು. 1992ರಿಂದ ಅದು ಎಲ್ಲ ಮಾಲೀಕರಿಗೂ ಕಡ್ಡಾಯವಾಯಿತು, 2025ರ ಜುಲೈನಿಂದ ಮಾಲೀಕರ ವಂತಿಗೆ ಶೇ. 12. ಖಾತೆ ವ್ಯಕ್ತಿಯ ಹೆಸರಿನಲ್ಲೇ ಇದೆ. ಆದರೆ ಇಂಡಸ್ಟ್ರಿ ಫಂಡ್ ಎಂದು ಕರೆಯುವ ನಿಧಿಗಳ ಮಂಡಳಿಯಲ್ಲಿ ಕಾರ್ಮಿಕರ ಪ್ರತಿನಿಧಿಗಳು ಸಮನಾಗಿ ಕುಳಿತಿದ್ದಾರೆ. ದೀರ್ಘಾಯುಸ್ಸಿನ ಹೊರೆ ಅಲ್ಲಿಯೂ ಒಂಟಿ ಹೆಗಲಿನ ಮೇಲೇ ಇದೆ, ಆದರೆ ಹಣ ಎಲ್ಲಿ ಹೂಡಿಕೆಯಾಗಬೇಕು, ಶುಲ್ಕ ಎಷ್ಟಿರಬೇಕು ಎಂಬುದರಲ್ಲಿ ದುಡಿಯುವವರಿಗೂ ಒಂದು ದನಿಯಿದೆ. ಅಮೆರಿಕದ ಖಾತೆಗಿಂತ ಇದು ಎಷ್ಟೋ ಮೇಲು.

ವಲಸಿಗರ ವಿಷಯ ಬಂದಾಗ ಇನ್ನೊಂದು ನಷ್ಟವನ್ನೂ ಹೇಳಬೇಕು. ಅಮೆರಿಕದ ಸೋಶಿಯಲ್ ಸೆಕ್ಯುರಿಟಿಯ ನಿವೃತ್ತಿ ಸೌಲಭ್ಯಕ್ಕೆ ಸುಮಾರು ಹತ್ತು ವರ್ಷದ ದುಡಿಮೆ ಬೇಕು, ಎಚ್-1ಬಿ ವೀಸಾದ ಸಾಮಾನ್ಯ ಅವಧಿ ಆರು ವರ್ಷ. ಭಾರತ ಮತ್ತು ಅಮೆರಿಕದ ನಡುವೆ ಈ ಲೆಕ್ಕಗಳನ್ನು ಕೂಡಿಸುವ ಒಪ್ಪಂದವಿಲ್ಲ. ಹೀಗಾಗಿ ಐದಾರು ವರ್ಷ ಪ್ರತಿ ಸಂಬಳದಲ್ಲೂ ಕೊಟ್ಟು ಊರಿಗೆ ಮರಳಿದ ಭಾರತೀಯರಿಗೆ ಮುಪ್ಪಿನಲ್ಲಿ ಅದರಿಂದ ಕಾಸೂ ಬರುವುದಿಲ್ಲ. ತನ್ನ 401(ಕೆ) ಶೇ. 2 ಇಳಿದರೆ ನಿದ್ದೆಗೆಡುವ ಇಂಜಿನಿಯರು ಈ ನಷ್ಟದ ಬಗ್ಗೆ ಮಾತೇ ಎತ್ತುವುದಿಲ್ಲ. ಮೊದಲನೆಯದು ಪರದೆಯ ಮೇಲೆ ಪ್ರತಿದಿನ ಕಾಣುತ್ತದೆ. ಎರಡನೆಯದನ್ನು ಕಾಣಲು ಸಂಘವೊಂದು ಬೇಕು.

ಕರ್ನಾಟಕದಲ್ಲಿ ಈ ಚರ್ಚೆ ಸಾಮಾನ್ಯವಾಗಿ ಸರ್ಕಾರಿ ನೌಕರರ ಸುತ್ತಲೇ ಸುತ್ತುತ್ತದೆ. 2006ರ ಏಪ್ರಿಲ್ 1ರ ನಂತರ ಸೇರಿದ ರಾಜ್ಯ ನೌಕರರು ಖಾತೆ ಆಧಾರಿತ ಎನ್‌ಪಿಎಸ್‌ಗೆ ಒಳಪಟ್ಟರು, ಹಳೆ ಪಿಂಚಣಿ ಬೇಕೆಂಬ ಅವರ ಹೋರಾಟ ಮನೆಮಾತಾಗಿದೆ. ಅದಕ್ಕಿಂತ ಆಳವಾದ ಪ್ರಶ್ನೆಯನ್ನು ಎತ್ತಿದವರು ಬೆಂಗಳೂರಿನ ಗಾರ್ಮೆಂಟ್ ಕಾರ್ಮಿಕರು. 2016ರ ಏಪ್ರಿಲ್ 18 ಮತ್ತು 19ರಂದು ಸಾವಿರಾರು ಹೆಣ್ಣುಮಕ್ಕಳು ಹೊಸೂರು ರಸ್ತೆಗೆ ಇಳಿದರು. ಭವಿಷ್ಯ ನಿಧಿಯಲ್ಲಿ ಮಾಲೀಕರು ಹಾಕಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲವೆಂದು ಕೇಂದ್ರ ಸರ್ಕಾರ ಮಾಡಿದ ನಿಯಮದ ವಿರುದ್ಧ ಎದ್ದ ಸಿಟ್ಟು ಅದು. ಯಾವ ಸಂಘದ ಕರೆಯೂ ಇರಲಿಲ್ಲ. ಎರಡೇ ದಿನದಲ್ಲಿ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು.

ಮೇಲ್ನೋಟಕ್ಕೆ ಇದು ಇಲ್ಲಿಯವರೆಗಿನ ವಾದಕ್ಕೆ ಎದುರಾಡಿದಂತೆ ಕಾಣುತ್ತದೆ. ಅವರು ಕೇಳಿದ್ದು ಮುಪ್ಪಿನ ಭದ್ರತೆಯನ್ನಲ್ಲ, ತಮ್ಮ ಹೆಸರಿನ ಹಣವನ್ನು ಈಗಲೇ ಕೈಗೆ ಕೊಡಿ ಎಂದು. ಅವರಿಗೆ ದೂರದೃಷ್ಟಿಯಿಲ್ಲವೆಂದು ಆಗ ಇಂಗ್ಲಿಷ್ ಬಲ್ಲ ಜನ ಸುಲಭವಾಗಿ ಮಾತಾಡಿದರು. ನಲವತ್ತರ ಹೊತ್ತಿಗೆ ಬೆನ್ನು ಸೋತು ಹೊಲಿಗೆಯ ಸಾಲು ಬಿಡಬೇಕಾದ ಹೆಣ್ಣಿಗೆ 58 ಎಂಬ ಸಂಖ್ಯೆ ಏನನ್ನು ಹೇಳೀತು? ಮಕ್ಕಳ ಶಾಲೆಯ ಶುಲ್ಕಕ್ಕೆ, ಕೈಸಾಲಕ್ಕೆ, ಮದುವೆಗೆ ಇರುವ ಏಕೈಕ ಇಡುಗಂಟು ಆ ಭವಿಷ್ಯ ನಿಧಿ. ಭವಿಷ್ಯ ನಿಧಿಯ ಜೊತೆಗಿರುವ ಪಿಂಚಣಿ ಯೋಜನೆಯಲ್ಲಿ 2014ರಿಂದ ಕನಿಷ್ಠ ಮೊತ್ತ ತಿಂಗಳಿಗೆ 1,000 ರೂಪಾಯಿ. ಆ ಮೊತ್ತವನ್ನು ಮುಂದಿಟ್ಟು ನಾಳೆಗಾಗಿ ಇಂದನ್ನು ಬಿಟ್ಟುಕೊಡಿ ಎಂದು ಕೇಳುವ ನೈತಿಕ ಹಕ್ಕು ಯಾರಿಗೂ ಇಲ್ಲ. ಕೂಲಿ ಹೊಟ್ಟೆಗೇ ಸಾಲದಾದಾಗ, ನಿಧಿಯ ನಿಯಮ ಬರೆಯುವ ಮೇಜಿನಲ್ಲಿ ತನ್ನವರು ಇಲ್ಲವೆಂದಾದಾಗ ಕೈಯಲ್ಲಿರುವ ಹಣವನ್ನಷ್ಟೇ ನಂಬುವುದು ವಿವೇಕ. ಕ್ರೈಸ್ಲರ್ ಕಾರ್ಮಿಕರು ನೂರು ದಿನ ಹಸಿದು ಕೇಳಿದ್ದೂ, ಹೊಸೂರು ರಸ್ತೆಯ ಹೆಣ್ಣುಮಕ್ಕಳು ಎರಡು ದಿನ ಕೂಗಿ ಕೇಳಿದ್ದೂ ಒಂದೇ ಅಪನಂಬಿಕೆಯಿಂದ. ಅವರ ಬೆನ್ನಿಗೆ ಸಂಘವಿತ್ತು, ಇವರ ಬೆನ್ನಿಗೆ ಇರಲಿಲ್ಲ. ಆದ್ದರಿಂದ ಅವರು ನಿಧಿಯನ್ನು ಕಟ್ಟಿಸಿದರು, ಇವರು ಹಣವನ್ನು ಬಿಡಿಸಿಕೊಂಡರು.

ಟನ್ನಿಗೆ 5 ಸೆಂಟ್ ಎಂಬ ಲೂಯಿಸ್ ಅವರ ಹಳೆಯ ಸೂತ್ರ ಈಗ ಬೆಂಗಳೂರಿನಲ್ಲಿ ಬೇರೊಂದು ವೇಷದಲ್ಲಿ ಕಾಣಿಸಿಕೊಂಡಿದೆ. ಆ್ಯಪ್ ಮೂಲಕ ಊಟ, ಸಾಮಾನು, ಸವಾರಿ ಒದಗಿಸುವ ಗಿಗ್ ಕಾರ್ಮಿಕರಿಗಾಗಿ ಕರ್ನಾಟಕ ಸರ್ಕಾರ 2025ರಲ್ಲಿ, ಮೊದಲು ಸುಗ್ರೀವಾಜ್ಞೆಯಾಗಿ ನಂತರ ಶಾಸನವಾಗಿ, ಒಂದು ಕಾನೂನು ತಂದಿತು. ಕಾರ್ಮಿಕನಿಗೆ ಪ್ರತಿ ವಹಿವಾಟಿಗೆ ಪಾವತಿಯಾಗುವ ಮೊತ್ತದ ಮೇಲೆ ಶೇ. 1ರಿಂದ 5ರವರೆಗೆ ಕ್ಷೇಮಾಭಿವೃದ್ಧಿ ಶುಲ್ಕವನ್ನು ಕಂಪನಿ ತುಂಬಬೇಕು. ಹಣ ಹೋಗುವುದು ಒಂದು ಸಾಮೂಹಿಕ ನಿಧಿಗೆ. ಯಾವ ಆ್ಯಪ್, ಯಾವ ದಿನ, ಎಷ್ಟು ಹೊತ್ತು ಎಂಬುದು ಬದಲಾಗುತ್ತಿದ್ದರೂ ಲೆಕ್ಕ ಕಾರ್ಮಿಕನ ಬೆನ್ನಿಗೆ ಬರಬಲ್ಲುದು. ಗಣಿಯಿಂದ ಗಣಿಗೆ ಹೋದವನ ಬೆನ್ನಿಗೆ ಬಂದಂತೆಯೇ. ಆ ನಿಧಿ ಅಪಘಾತದ ಪರಿಹಾರಕ್ಕಷ್ಟೇ ನಿಲ್ಲಬೇಕೇ, ಮುಪ್ಪಿನ ಪಿಂಚಣಿಯವರೆಗೂ ಬೆಳೆಯಬೇಕೇ ಎಂಬ ಮಾತುಕತೆ ನಡೆಯಬೇಕಾದದ್ದು ಈ ಮೊದಲ ವರ್ಷಗಳಲ್ಲಿಯೇ. ನಿಧಿಯ ಮಂಡಳಿಯಲ್ಲಿ ಕಾರ್ಮಿಕರ ಪ್ರತಿನಿಧಿಗಳಿಗೆ ಸ್ಥಾನವಿದೆ. ಸದ್ಯಕ್ಕೆ ಅವರನ್ನು ಆರಿಸುವವರು ಕಾರ್ಮಿಕರಲ್ಲ, ನಾಮನಿರ್ದೇಶನ ಮಾಡುವ ಅಧಿಕಾರ ಸರ್ಕಾರದ್ದು.